ಕೇಕ್ ಆರಲಿ, ಆಮೇಲೆ ಕ್ರೀಮ್

ಹಾಸನ ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಕೇಕ್ ಮಾಡಿ, ಅದಕ್ಕೆ ಅಲಂಕಾರ ಮಾಡುವ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಮಗುವಿನ ಹುಟ್ಟುಹಬ್ಬ, ಅಪ್ಪ ಅಮ್ಮನ ಮದುವೆ ದಿನ, ತಾತನ ಅರವತ್ತರ ಶಾಂತಿ, ಯಾವುದೇ ಇರಲಿ. ಬೆಳಿಗ್ಗೆ ಪೂಜೆ, ಮಧ್ಯಾಹ್ನ ಹೋಳಿಗೆ ಊಟ, ಸಂಜೆಗೆ ಒಂದು ಕೇಕ್. ಈಗ ಎಲ್ಲರ ಮನೆಯಲ್ಲೂ ಹೀಗೇ ಅಲ್ವಾ? ಆ ಕೇಕನ್ನು ಅಂಗಡಿಯಿಂದ ತರುವ ಬದಲು ನಾವೇ ಮಾಡೋಣ ಅಂತ ಹೊರಟವರಿಗಾಗಿ ಈ ಮಾತು. ಕೇಕ್ ಮಾಡೋದನ್ನು ಕಲಿಸೋದೇ ನನ್ನ ಕೆಲಸ. ಹಾಗಾಗಿ ಹೇಳೋದು ಬೇಕಾದಷ್ಟಿದೆ. ಆದರೆ ಇವತ್ತು ಒಂದೇ ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಪೆನ್ನು, ಕಾಗದ ಬೇಡ, ನೆನಪಿಟ್ಟುಕೊಳ್ಳಿ ಸಾಕು.

ಕೇಕ್ ಪೂರ್ತಿ ಆರುವ ತನಕ ಅದರ ಮೇಲೆ ಏನನ್ನೂ ಹಚ್ಚಬೇಡಿ.

ಇಷ್ಟೇನಾ ಅಂತ ನಿಮಗೆ ಅನ್ನಿಸಬಹುದು. ಇಷ್ಟೇ. ನನ್ನ ಹತ್ತಿರ ಬರುವವರು ಕ್ರೀಮ್ ಹಿಂಡೋಕೆ ಯಾವ ನಳಿಕೆ ತರಬೇಕು, ಯಾವ ಬಣ್ಣ ತರಬೇಕು, ಗುಲಾಬಿ ಹೂ ಬಿಡಿಸೋದು ಹೇಗೆ ಅಂತ ಕೇಳುತ್ತಾರೆ. ಕೇಕನ್ನು ಎಷ್ಟು ಹೊತ್ತು ಆರಿಸಬೇಕು ಅಂತ ಒಬ್ಬರೂ ಕೇಳೋದಿಲ್ಲ. ಕಾರಣ ನನಗೆ ಗೊತ್ತು. ಎಲ್ಲರೂ ಮೊಬೈಲ್‌ನಲ್ಲಿ ವಿಡಿಯೋ ನೋಡಿ ಕಲಿಯುತ್ತಾರೆ. ವಿಡಿಯೋದಲ್ಲಿ ಓವನ್ ಬಾಗಿಲು ತೆಗೆಯುತ್ತಾರೆ, ಮರುಕ್ಷಣವೇ ಕ್ರೀಮ್ ಹಚ್ಚುತ್ತಾರೆ. ನಡುವಿನ ಎರಡು ಗಂಟೆಯನ್ನು ಕತ್ತರಿಸಿ ಹಾಕಿರುತ್ತಾರೆ. ನೋಡುವವರಿಗೆ ಆ ಎರಡು ಗಂಟೆ ಇಲ್ಲವೇ ಇಲ್ಲ ಅನ್ನಿಸುತ್ತದೆ. ಕೇಕ್ ಕೆಡೋದು ಅಲ್ಲೇ.

ಬಿಸಿ ಕೇಕ್ ಇನ್ನೂ ಪೂರ್ತಿ ಕೇಕ್ ಆಗಿರೋದಿಲ್ಲ. ಒಳಗಿನ ಪಿಷ್ಟ ಮೆತ್ತಗಿರುತ್ತದೆ, ಹಬೆ ಇನ್ನೂ ಹೊರಗೆ ಬರುತ್ತಾ ಇರುತ್ತದೆ. ಬಿಸಿ ಇಡ್ಲಿಯನ್ನು ಇಳಿಸಿದ ಕೂಡಲೇ ಎಬ್ಬಿಸಿದರೆ ಅರ್ಧ ತಟ್ಟೆಗೇ ಅಂಟಿಕೊಳ್ಳುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಗುಂಡಗೆ ಎದ್ದು ಬರುತ್ತದೆ. ಕೇಕ್‌ಗೂ ಅದೇ ನಿಯಮ, ಹೊತ್ತು ಮಾತ್ರ ಜಾಸ್ತಿ ಬೇಕು. ಇನ್ನು ಕ್ರೀಮ್ ವಿಷಯ. ಕ್ರೀಮ್ ಅಂದರೆ ಕೊಬ್ಬು, ನೀರು, ಅದರೊಳಗೆ ನಾವು ಕಡೆದು ತುಂಬಿದ ಗಾಳಿ. ಆ ಗಾಳಿಯನ್ನು ಹಿಡಿದಿಡೋದು ತಣ್ಣಗೆ ಗಟ್ಟಿಯಾದ ಕೊಬ್ಬು. ಬೆಣ್ಣೆ ನಮ್ಮ ಅಂಗೈ ಬಿಸಿಗೇ ಕರಗುತ್ತದೆ. ಹಾಗಿದ್ದಾಗ ಬಿಸಿ ಕೇಕ್ ಮೇಲೆ ಕ್ರೀಮ್ ನಿಲ್ಲುತ್ತದಾ? ಕೊಬ್ಬು ಮೆತ್ತಗಾಗುತ್ತದೆ, ಗಾಳಿ ಹೋಗುತ್ತದೆ, ನೀರು ಬಿಡುತ್ತದೆ. ನೀವು ಎಷ್ಟೇ ಚೆಂದ ಹೂ ಬಿಡಿಸಿದ್ದರೂ ಅದು ಇಳಿದೇ ಇಳಿಯುತ್ತದೆ.

ಹಾಸನದ ಸಾಲಗಾಮೆ ರಸ್ತೆ ಕಡೆಯ ಒಂದು ಮನೆಯ ಕಥೆ ಹೇಳುತ್ತೇನೆ. ಮನೆಯ ಯಜಮಾನರಿಗೆ ಅರವತ್ತು ತುಂಬಿತ್ತು. ಬೆಳಿಗ್ಗೆ ಹೋಮ, ಶಾಂತಿ ಎಲ್ಲಾ ಆಯ್ತು. ಮಾವನಿಗೆ ತಾನೇ ಕೇಕ್ ಮಾಡಬೇಕು ಅಂತ ಸೊಸೆಗೆ ಆಸೆ. ಮೊಟ್ಟೆ ಹಾಕದ ಕೇಕ್, ಕುಕ್ಕರ್‌ನಲ್ಲಿ ಬೇಯಿಸಿದ್ದು. ಊಟ ಮುಗಿಸಿ, ಪಾತ್ರೆ ಎತ್ತಿ, ಕೇಕ್ ಒಲೆಯಿಂದ ಇಳಿಯುವಾಗ ನಾಲ್ಕು ಗಂಟೆ ದಾಟಿತ್ತು. ಐದೂವರೆಗೆ ನೆಂಟರೆಲ್ಲ ಸೇರುತ್ತಾರೆ. ಹುಡುಗಿ ಏನು ಮಾಡಿದಳು ಅಂದರೆ, ಫ್ಯಾನ್ ಜೋರಾಗಿ ಹಾಕಿ ಕೇಕನ್ನು ಅದರ ಕೆಳಗಿಟ್ಟಳು. ಮೇಲೆ ಮುಟ್ಟಿ ನೋಡಿದಳು, ತಣ್ಣಗಿದೆ ಅನ್ನಿಸಿತು. ಅಡ್ಡಕ್ಕೆ ಎರಡು ಹೋಳು ಮಾಡಿ, ನಡುವೆ ಕ್ರೀಮ್, ಮೇಲೆ ಕ್ರೀಮ್, ಸುತ್ತ ಕ್ರೀಮ್ ಹಚ್ಚಿ, ಮೇಲೆ ಚಾಕೊಲೇಟ್‌ನಲ್ಲಿ ‘ತಾತನಿಗೆ 60’ ಅಂತ ಬರೆದಳು. ಆಮೇಲೆ ನನಗೆ ಫೋನ್ ಬಂತು. ‘ಅಕ್ಕಾ, ಬೇಗ ಬಾರಕ್ಕಾ, ಎಲ್ಲಾ ಇಳೀತಾ ಇದೆ!’

ನಾನು ಹೋದಾಗ ಅಡುಗೆಮನೆ ಕಟ್ಟೆ ಮೇಲೆ ಕೇಕ್ ವಾಲಿಕೊಂಡಿತ್ತು. ಮೇಲಿನ ಹೋಳು ಎರಡು ಬೆರಳಗಲ ಪಕ್ಕಕ್ಕೆ ಜಾರಿತ್ತು. ಸೊನ್ನೆ ಉದ್ದಕ್ಕೆ ಇಳಿದು ತಟ್ಟೆಯ ಅಂಚು ಮುಟ್ಟಿತ್ತು. ಕೇಕ್ ಬೀಳದ ಹಾಗೆ ಎಂಟು ವರ್ಷದ ಮೊಮ್ಮಗಳು ಎರಡೂ ಅಂಗೈ ಒತ್ತಿ ಹಿಡಿದು ನಿಂತಿದ್ದಳು, ಮೊಣಕೈ ತನಕ ಕ್ರೀಮ್. ಅತ್ತೆ ಬಾಗಿಲಲ್ಲಿ ನಿಂತು ‘ಹೋಗ್ಲಿ ಬಿಡಮ್ಮ, ಅಂಗಡಿಯಿಂದ ತರಿಸೋಣ’ ಅನ್ನುತ್ತಿದ್ದರು. ಸೊಸೆ ಕಣ್ಣು ತುಂಬಿತ್ತು. ನಾನು ತಟ್ಟೆಯ ತಳಕ್ಕೆ ಕೈ ಇಟ್ಟು ನೋಡಿದೆ. ತಟ್ಟೆಯೇ ಬೆಚ್ಚಗಿತ್ತು! ಫ್ಯಾನ್ ಗಾಳಿಗೆ ಮೇಲಿನ ಸಿಪ್ಪೆ ಮಾತ್ರ ಒಣಗಿತ್ತು. ಒಳಗೆ ಬಿಸಿ ಹಾಗೇ ಕೂತಿತ್ತು.

ಇದ್ದದ್ದು ಅರ್ಧ ಗಂಟೆ. ಅಷ್ಟರಲ್ಲಿ ಇಡೀ ಕೇಕ್ ಆರೋದಿಲ್ಲ. ಆದರೆ ತುಂಡು ತುಂಡು ಮಾಡಿದರೆ ಬೇಗ ಆರುತ್ತದೆ. ಕ್ರೀಮನ್ನೆಲ್ಲ ಕೆರೆದು ಬಟ್ಟಲಿಗೆ ಹಾಕಿ ಫ್ರೀಜರ್‌ಗೆ ಇಟ್ಟೆವು. ಕೇಕನ್ನು ಬೆರಳು ಗಾತ್ರಕ್ಕೆ ಮುರಿದು ಅಗಲದ ತಟ್ಟೆಯಲ್ಲಿ ಹರಡಿದೆವು. ಕಾಲು ಗಂಟೆಗೆ ತುಂಡುಗಳು ತಣ್ಣಗಾದವು. ಕ್ರೀಮನ್ನು ಮತ್ತೆ ಕಡೆದಾಗ ಒಂದಷ್ಟು ಗಟ್ಟಿಯಾಯ್ತು. ಮನೆಯಲ್ಲಿದ್ದ ಗಾಜಿನ ಲೋಟಗಳನ್ನೆಲ್ಲ ಇಳಿಸಿ, ಒಂದು ಪದರ ಕೇಕ್, ಒಂದು ಪದರ ಕ್ರೀಮ್, ಮೇಲೆ ಏಲಕ್ಕಿ ಬಾಳೆಹಣ್ಣಿನ ಬಿಲ್ಲೆ, ದಾಳಿಂಬೆ ಕಾಳು ಹಾಕಿದೆವು. ಮೊಮ್ಮಗಳು ಪ್ರತಿ ಲೋಟಕ್ಕೂ ಒಂದೊಂದು ಪುದೀನ ಎಲೆ ಸಿಕ್ಕಿಸಿದಳು. ಐದೂಮುಕ್ಕಾಲಿಗೆ ತಟ್ಟೆಯಲ್ಲಿ ಲೋಟ ಜೋಡಿಸಿ ಹೊರಗೆ ತಂದಾಗ ಯಾರಿಗೂ ಏನೂ ಗೊತ್ತಾಗಲಿಲ್ಲ. ಯಜಮಾನರು ಎರಡು ಲೋಟ ತಿಂದರು. ಎಷ್ಟು ಸಂತೋಷ ಆಯ್ತು ಗೊತ್ತಾ ನನಗೆ! ಆ ಹುಡುಗಿ ಈಗ ಕೇಕನ್ನು ಹಿಂದಿನ ದಿನವೇ ಮಾಡಿಡುತ್ತಾಳೆ.

ನೀವೂ ಹಾಗೇ ಮಾಡಿ. ಹಬ್ಬ ಭಾನುವಾರ ಅಂದರೆ ಕೇಕ್ ಶನಿವಾರ ಆಗಿರಲಿ. ಇಳಿಸಿದ ಮೇಲೆ 10ರಿಂದ 15 ನಿಮಿಷ ಪಾತ್ರೆಯಲ್ಲೇ ಬಿಡಿ. ಅಂಚು ತಾನೇ ಪಾತ್ರೆ ಬಿಟ್ಟು ಒಳಗೆ ಸರಿಯುತ್ತದೆ. ಆಗ ಸುತ್ತ ಒಂದು ಚಾಕು ಆಡಿಸಿ, ತಂತಿ ಜಾಲರಿ ಮೇಲೆ ಮಗುಚಿ. ಜಾಲರಿ ಇಲ್ಲದಿದ್ದರೆ ಹಿಟ್ಟು ಜರಡಿಯನ್ನು ಬೋರಲು ಹಾಕಿ ಅದರ ಮೇಲಿಡಿ. ತಳಕ್ಕೂ ಗಾಳಿ ಆಡಬೇಕು. ಸುಮ್ನೆ ತಟ್ಟೆ ಮೇಲಿಟ್ಟರೆ ಹಬೆ ನೀರಾಗಿ ತಳ ಒದ್ದೆಯಾಗುತ್ತದೆ. ಎರಡು ಗಂಟೆ ಬಿಡಿ. ಬಿಸಿಯಿದ್ದಾಗಲೇ ಫ್ರಿಜ್‌ಗೆ ತಳ್ಳಬೇಡಿ, ಮುಚ್ಚಳ ಹಾಕಬೇಡಿ. ಆರಿದೆಯಾ ಅಂತ ಮೇಲೆ ಮುಟ್ಟಿ ನೋಡಬೇಡಿ, ಎತ್ತಿ ಅಂಗೈಯನ್ನು ತಳದ ಮಧ್ಯಕ್ಕೆ ಇಡಿ. ಕೊನೆಗೆ ಆರೋದು ಆ ಜಾಗ. ಅಲ್ಲಿ ಒಂಚೂರು ಬೆಚ್ಚಗಿದ್ದರೂ ಕಾಯಿರಿ. ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿ ಇಟ್ಟರೆ, ಬೆಳಿಗ್ಗೆ ಕತ್ತರಿಸುವಾಗ ಪುಡಿ ಉದುರೋದು ಕಡಿಮೆ.

ಕಥೆ ಉದ್ದ ಆಯ್ತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಮೊಟ್ಟೆ ಹಾಕದ ಕೇಕ್‌ಗೆ ಈ ಅಳತೆ ನಂಬಬಹುದು. ಒಂದು ಕಪ್ ಗಟ್ಟಿ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ಎಣ್ಣೆ, ಒಂದೂವರೆ ಕಪ್ ಮೈದಾ, ಒಂದು ಚಹಾ ಚಮಚ ಬೇಕಿಂಗ್ ಪೌಡರ್, ಅರ್ಧ ಚಹಾ ಚಮಚ ಅಡುಗೆ ಸೋಡಾ. ಮೊಸರಿನ ಹುಳಿಗೆ ಸೋಡಾ ಸೇರಿದಾಗ ಗಾಳಿ ಹುಟ್ಟುತ್ತದೆ, ಅದೇ ಕೇಕನ್ನು ಉಬ್ಬಿಸೋದು. ಮೈದಾ ಹಾಕಿದ ಮೇಲೆ ಜಾಸ್ತಿ ತಿರುವಬೇಡಿ, ಗಟ್ಟಿಯಾಗುತ್ತದೆ. ಕಲಸಿದ ಕೂಡಲೇ ಒಲೆಗೆ ಇಡಿ, ಇಲ್ಲದಿದ್ದರೆ ಆ ಗಾಳಿ ಹೊರಟು ಹೋಗುತ್ತದೆ. ಓವನ್ ಆದರೆ 180 ಡಿಗ್ರಿ. ಕುಕ್ಕರ್ ಆದರೆ ಗ್ಯಾಸ್ಕೆಟ್, ವಿಷಲ್ ಎರಡೂ ತೆಗೆದು, ತಳಕ್ಕೆ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, 10 ನಿಮಿಷ ಕಾಯಿಸಿ. ನೀರು ಹಾಕಬೇಡಿ. ಆಮೇಲೆ ಪಾತ್ರೆ ಇಟ್ಟು ಸಣ್ಣ ಉರಿ. ಮಧ್ಯಕ್ಕೆ ಚುಚ್ಚಿದ ಕಡ್ಡಿ ಏನೂ ಅಂಟದೆ ಬಂದರೆ ಬೆಂದಿದೆ ಅಂತ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಹಾಸನ ಸಮುದ್ರ ಮಟ್ಟಕ್ಕಿಂತ 3,000 ಅಡಿಗೂ ಜಾಸ್ತಿ ಎತ್ತರದಲ್ಲಿದೆ, ಚಿಕ್ಕಮಗಳೂರು ಇನ್ನೂ ಮೇಲೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ. ಕೇಕ್ ಬೇಗ ಉಬ್ಬಿ, ಗಟ್ಟಿಯಾಗುವ ಮೊದಲೇ ನಡುವೆ ಕುಸಿಯುತ್ತದೆ. ಮುಂಬೈನವರೋ ಮಂಗಳೂರಿನವರೋ ಹೇಳಿದ ಅಳತೆ ತಗೊಂಡರೆ ಬೇಕಿಂಗ್ ಪೌಡರನ್ನು ಒಂದು ಚಿಟಿಕೆ ಕಡಿಮೆ ಮಾಡಿ. ನಾನು ಈಗ ಹೇಳಿದ ಅಳತೆಯಲ್ಲಿ ಕಡಿಮೆ ಮಾಡಿಯೇ ಹೇಳಿದ್ದೇನೆ.

ಕ್ರೀಮ್ ತರುವಾಗ ವಿಪ್ಪಿಂಗ್ ಕ್ರೀಮ್ ಅಂತಲೇ ಕೇಳಿ. ಅಡುಗೆಗೆ ಹಾಕುವ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು ಶೇಕಡಾ 25ರಷ್ಟು, ಎಷ್ಟು ಕಡೆದರೂ ಹೂ ನಿಲ್ಲೋದಿಲ್ಲ. ಕ್ರೀಮ್, ಬಟ್ಟಲು, ಕಡೆಯುವ ಕಡ್ಡಿ ಎಲ್ಲಾ ಫ್ರಿಜ್‌ನಲ್ಲಿ ತಣ್ಣಗಾಗಿರಲಿ. ಮೊದಲು ತೆಳ್ಳಗೆ ಒಂದು ಕೈ ಹಚ್ಚಿ, ಪುಡಿಯೆಲ್ಲ ಅದರಲ್ಲಿ ಅಂಟಿಕೊಳ್ಳಲಿ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಆಮೇಲೆ ಎರಡನೇ ಕೈ. ಇದೂ ಆರಿದ ಕೇಕ್ ಮೇಲೆ ಮಾತ್ರ, ಮತ್ತೆ ಹೇಳುತ್ತಿದ್ದೇನೆ.

ಕ್ರೀಮ್ ರಗಳೆ ಬೇಡ ಅನ್ನುವವರು ಕಾಗದದಲ್ಲಿ ರಂಗೋಲಿ ಚಿತ್ತಾರ ಕತ್ತರಿಸಿ, ಆರಿದ ಕೇಕ್ ಮೇಲಿಟ್ಟು, ಟೀ ಸೋಸುವ ಜರಡಿಯಿಂದ ಸಕ್ಕರೆ ಪುಡಿ ಉದುರಿಸಿ, ಕಾಗದ ನೇರ ಮೇಲಕ್ಕೆ ಎತ್ತಿ. ಎಷ್ಟು ಅಂದವಾಗಿ ಕಾಣುತ್ತದೆ ನೋಡಿ. ಬಿಸಿ ಕೇಕ್ ಮೇಲೆ ಉದುರಿಸಿದರೆ ಆ ಪುಡಿಯೂ ಕರಗಿ ಮಾಯವಾಗುತ್ತದೆ. ಮಳೆಗಾಲದಲ್ಲಿ ಈ ಕೆಲಸ ಬಡಿಸುವ ಹೊತ್ತಿಗೇ ಮಾಡಿ. ಸಕಲೇಶಪುರ, ಮೂಡಿಗೆರೆಯ ಜುಲೈ ತೇವಕ್ಕೆ ಸಕ್ಕರೆ ಪುಡಿ ಬೇಗ ಒದ್ದೆಯಾಗುತ್ತದೆ.

ಬಣ್ಣ ಕಡಿಮೆ ಇರಲಿ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನು, ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಅನ್ನುವ ಕೃತಕ ಬಣ್ಣ ಹಾಕೋದನ್ನು ನಿಷೇಧಿಸಿದರು. ಮಕ್ಕಳು ತಿನ್ನುವ ಕೇಕ್‌ಗೆ ಕಡುಗೆಂಪು ಯಾಕೆ ಬೇಕು? ಬೀಟ್‌ರೂಟ್ ರಸ ಕುದಿಸಿ ಗಟ್ಟಿ ಮಾಡಿ, ತಣ್ಣಗಾದ ಮೇಲೆ ಎರಡು ಹನಿ ಹಾಕಿದರೆ ಕ್ರೀಮ್ ತಿಳಿ ಗುಲಾಬಿ ಆಗುತ್ತದೆ. ಕಂದು ಬಣ್ಣಕ್ಕೆ ಕಾಫಿ ಡಿಕಾಕ್ಷನ್ ಇದೆ. ಚಿಕ್ಕಮಗಳೂರು ಅರೇಬಿಕಾಕ್ಕೆ 2019ರಲ್ಲಿ ಜಿಐ, ಅಂದರೆ ಇದು ಆ ಊರಿನದೇ ಅನ್ನುವ ಗುರುತಿನ, ಮಾನ್ಯತೆ ಸಿಕ್ಕಿದೆ. ಅಂಥ ಕಾಫಿ ಮನೆಯಲ್ಲೇ ಇರುವಾಗ ನಾವು ಬಾಟಲಿ ಎಸೆನ್ಸ್ ಕೊಳ್ಳೋದು ನನಗೆ ಸರಿ ಕಾಣೋದಿಲ್ಲ. ಎರಡು ಚಮಚ ಗಟ್ಟಿ ಡಿಕಾಕ್ಷನ್ ಹಿಟ್ಟಿಗೆ, ಒಂದು ಚಮಚ ಕ್ರೀಮ್‌ಗೆ. ಡಿಕಾಕ್ಷನ್ ಕೂಡ ಆರಿರಬೇಕು!

ಕೊನೆಗೆ, ಕೇಕ್ ಮಾಡಿ ಊರಿಗೆ ಒಯ್ಯುವವರಿಗೆ. ಹಚ್ಚಿದ ಮೇಲೆ ನಾಲ್ಕು ಗಂಟೆಯಾದರೂ ಫ್ರಿಜ್‌ನಲ್ಲಿ ಇಟ್ಟು, ಹೊರಡುವಾಗ ತೆಗೆಯಿರಿ. ಕಾರಿನಲ್ಲಿ ತೊಡೆ ಮೇಲೆ ಇಟ್ಟುಕೊಳ್ಳಬೇಡಿ, ಮೈ ಶಾಖಕ್ಕೆ ತಳ ಬೆಚ್ಚಗಾಗುತ್ತದೆ, ತಿರುವಿನಲ್ಲಿ ವಾಲುತ್ತದೆ. ಸೀಟಿನ ಕೆಳಗೆ, ಕಾಲಿಡುವ ಸಮತಟ್ಟಾದ ಜಾಗದಲ್ಲಿ, ಅಡಿಗೊಂದು ಒದ್ದೆ ಬಟ್ಟೆ ಹಾಸಿ ಡಬ್ಬಿ ಇಡಿ, ಜಾರೋದಿಲ್ಲ. ಹೂವಿಗೆ ಬೇಕಾದ ಕ್ರೀಮನ್ನು ಒಂದು ಸಣ್ಣ ಚೀಲದಲ್ಲಿ ಬೇರೆ ತಗೊಂಡು ಹೋಗಿ, ಅಲ್ಲಿ ಹೋದ ಮೇಲೆ ಹೂ ಬಿಡಿಸಿ.

ಇಷ್ಟು ಹೊತ್ತು ಕೇಳಿದಿರಿ, ನಮಸ್ಕಾರ.