ಬಿರುಮಳೆಯ ನೀರು, ಒಣನೆಲದ ಇಂಗುಬಾವಿ

ಕೇಳುಗರಿಗೆ ನಮಸ್ಕಾರ. ಚಿತ್ರದುರ್ಗದ ಸೀಮೆಯಲ್ಲಿ ಮಳೆ ಕಡಿಮೆಯೆಂಬುದು ಎಲ್ಲರೂ ಆಡುವ ಮಾತು; ಬರುವ ಮಳೆಯೂ ಗಂಟೆಯೊಳಗೆ ಧೋ ಎಂದು ಸುರಿದು, ಚರಂಡಿಯುಕ್ಕಿಸಿ ಹರಿದುಹೋಗುತ್ತದೆಂಬುದನ್ನು ನಾವು ಅಷ್ಟಾಗಿ ಲೆಕ್ಕಕ್ಕಿಟ್ಟಿಲ್ಲ. ಅಮೆರಿಕದ ಅರಿಜೋನಾ ಮರುಭೂಮಿಯ ಫೀನಿಕ್ಸ್ ನಗರಕ್ಕೆ ವರ್ಷಕ್ಕೆ ಬೀಳುವುದು ಸುಮಾರು 200 ಮಿಲಿಮೀಟರ್. ನಮ್ಮ ಜಿಲ್ಲೆಗೆ ಅದರ ಎರಡು ಪಟ್ಟಿಗೂ ಹೆಚ್ಚು. ಅಲ್ಲಿ ಬಡಾವಣೆಗಳ ಮಳೆನೀರನ್ನು ತಗ್ಗುಗಳಲ್ಲಿ ತಡೆದು, ಸೊಳ್ಳೆಗೆ ಅವಕಾಶ ಕೊಡದಂತೆ 36 ಗಂಟೆಯೊಳಗೆ ಇಂಗುಬಾವಿಗಳ ಮೂಲಕ ನೆಲಕ್ಕಿಳಿಸುತ್ತಾರೆ.

ಆ ಮಣ್ಣಿನ ತೊಡಕೆಂದರೆ ಮೇಲ್ಮಣ್ಣಿನಡಿ ಸುಣ್ಣ ಹೆಪ್ಪುಗಟ್ಟಿ ಗಾರೆಯಂತೆ ಬಿಗಿದ ಕಲೀಚಿ ಪದರ. ನಮ್ಮ ಎರೆಹೊಲದಲ್ಲಿ ನೇಗಿಲಿಗೆ ಸಿಗುವ ಸುಣ್ಣಕಲ್ಲೂ ಅದೇ ಕುಲದ್ದು. ಈ ಪದರವನ್ನು ಕೊರೆದು ಕೆಳಗಿನ ಮರಳು, ಜಲ್ಲಿಯನ್ನು ಮುಟ್ಟಿದಾಗಲೇ ಇಂಗುಬಾವಿ ನೀರು ಕುಡಿಯುತ್ತದೆ. ಆದರೂ ಬೀದಿಯ ನೀರನ್ನು ಅವರು ನೇರವಾಗಿ ಬಾವಿಗೆ ಬಿಡುವುದಿಲ್ಲ. ಮೊದಲು ಅದು ಒಂದು ತೊಟ್ಟಿಗೆ ಬೀಳುತ್ತದೆ. ಹೂಳು ತಳ ಸೇರುತ್ತದೆ, ಎಣ್ಣೆ ಮೇಲೆ ತೇಲುತ್ತದೆ, ತಳದಿಂದ ಎತ್ತರದಲ್ಲಿದ್ದು ಬಾಯಿ ಕೆಳಮುಖವಾಗಿರುವ ಕೊಳವೆಯು ನಡುವಿನ ತಿಳಿನೀರನ್ನಷ್ಟೇ ಮುಂದಕ್ಕೆ ದಾಟಿಸುತ್ತದೆ. ನಮ್ಮ ಕೋಟೆಯ ನೀರೂ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕತಂಗಿ ಹೊಂಡಕ್ಕೂ, ಮುಂದೆ ಸಿಹಿನೀರು ಹೊಂಡ, ಸಂತೆಹೊಂಡಗಳಿಗೂ ಇಳಿಯುವಂಥದ್ದು; ನಿಂತು ನಿಂತು ಸಾಗುವ ನೀರು ಹೂಳನ್ನು ಹಿಂದೆಯೇ ಬಿಡುತ್ತದೆ.

ಇಲ್ಲಿ ಇಂಗುಗುಂಡಿಯೆಂದರೆ ಗುಂಡಿ ತೋಡಿ ಜಲ್ಲಿ ಸುರಿಯುವುದೆಂದಷ್ಟೇ ತಿಳಿದಿರುವುದು, ನನ್ನ ದೃಷ್ಟಿಯಲ್ಲಿ, ಹಣ ಹಾಳುಮಾಡುವ ದಾರಿ. ಎರೆಮಣ್ಣು ನೀರುಂಡೊಡನೆ ಉಬ್ಬಿ ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುವುದರಿಂದ ಹಿರಿಯೂರು, ಚಳ್ಳಕೆರೆ ಕಡೆಯ ಎರೆ ಜಮೀನುಗಳಲ್ಲಿ ಗುಂಡಿಯು ಅದನ್ನು ದಾಟಿ ಗರಸಿನವರೆಗೆ ಇಳಿಯಬೇಕು. ಕೆಮ್ಮಣ್ಣಿನಲ್ಲಿ ಕೆಲಸ ಸುಲಭ, ಆದರೆ ಬೇಗನೆ ಗಟ್ಟಿಬಂಡೆ ಎದುರಾದರೆ ನೀರಿಗೆ ಅದರ ಬಿರುಕುಗಳಷ್ಟೇ ದಾರಿ. ಆದ್ದರಿಂದ ರಿಂಗು ಇಳಿಸುವ ಮುನ್ನ ಗುಂಡಿಗೆ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, ಗುರುತು ಹಾಕಿದ ಕೋಲಿನಿಂದ ಗಂಟೆಗೆಷ್ಟು ಇಳಿಯಿತೆಂದು ಅಳೆಯಬೇಕು. ಮೊದಲ ಸಲದ ಅಳತೆಯನ್ನು ನಂಬಬಾರದು. ಒಣಮಣ್ಣು ಆರಂಭದಲ್ಲಿ ಯಾವಾಗಲೂ ಹೆಚ್ಚು ಹೀರುತ್ತದೆ.

ಬಚ್ಚಲ ನೀರು, ಗ್ಯಾರೇಜಿನ ಅಂಗಳದ ನೀರು ಇಂಗುಬಾವಿಗೆ ಸಲ್ಲದು. ನೆಲದೊಳಕ್ಕೆ ಹೋದ ಎಣ್ಣೆಯನ್ನು ಮರಳಿ ತೆಗೆಯುವುದು ದುಸ್ತರ, ಪಕ್ಕದ ಕೊಳವೆಬಾವಿಯ ನೀರನ್ನು ಯಾರೋ ಕುಡಿಯುತ್ತಿರುತ್ತಾರೆ. ಮುಂಗಾರಿಗೆ ಮೊದಲು, ತೊಟ್ಟಿ ಒಣಗಿರುವಾಗಲೇ, ಅದರ ಹೂಳನ್ನು ತೆಗೆಸಬೇಕು. ಒಮ್ಮೆ ಹೂಳು ಜಲ್ಲಿಯ ಸಂದಿಗೆ ಸೇರಿತೆಂದರೆ ಜಲ್ಲಿಯನ್ನೆಲ್ಲ ಹೊರತೆಗೆದು ತೊಳೆಸಬೇಕಾಗುತ್ತದೆ.