ಬಿಯರ್ ಮತ್ತು ಕಣಜದ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಬಿಯರ್ ಬಗ್ಗೆ ಉಪನ್ಯಾಸ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಇದನ್ನು ಮೊದಲು ಮಾಡಿದ್ದು ಯಾರು? ಅದರ ಹಿಂದೆ ಹೋದರೆ ದಾರಿ ತಪ್ಪುತ್ತದೆ ಅಂತ ನನ್ನ ಅನಿಸಿಕೆ. ಕುಡಿದವರು ಕುರುಹು ಬಿಟ್ಟು ಹೋಗುವುದು ಕಡಿಮೆ. ಕಾಳು ಅಳೆದು ಕೊಟ್ಟವರು ಮಾತ್ರ ಬರೆದಿಟ್ಟಿದ್ದಾರೆ. ಹಳೆಯ ಬಿಯರ್ ಬಗ್ಗೆ ನಮಗೆ ಗಟ್ಟಿಯಾಗಿ ಗೊತ್ತಿರುವುದರಲ್ಲಿ ಜಾಸ್ತಿ ಪಾಲು ಬಂದಿರುವುದು ಕಣಜದ ಲೆಕ್ಕದಿಂದ. ಹಾಗಾಗಿ ಇವತ್ತು ಆ ಲೆಕ್ಕದ ಹಿಂದೆಯೇ ಹೋಗೋಣ.

ಮೊದಲು ಕೆಲಸದ ಕ್ರಮ ತಿಳಿಯಬೇಕು. ಕಾಳಿನಲ್ಲಿ ತುಂಬಿರುವುದು ಪಿಷ್ಟ. ಯೀಸ್ಟ್‌ಗೆ ಪಿಷ್ಟ ದಕ್ಕುವುದಿಲ್ಲ, ಅದಕ್ಕೆ ಸಕ್ಕರೆ ಬೇಕು. ದ್ರಾಕ್ಷಿ, ಖರ್ಜೂರಗಳಲ್ಲಿ ಸಕ್ಕರೆ ಸಿದ್ಧವಾಗಿಯೇ ಇರುತ್ತದೆ. ಆ ರಸವನ್ನು ಸುಮ್ನೆ ಇಟ್ಟರೂ ಹುದುಗುತ್ತದೆ. ಕಾಳಿನ ಕಥೆ ಬೇರೆ. ಅದನ್ನು ನೆನೆಸಿ ಮೊಳಕೆ ಬರಿಸಬೇಕು. ಆಗ ಒಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ, ಅದು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಮಗುವಿನ ಸರಿಗೆ ಅಂತ ಮನೆಯಲ್ಲಿ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸುತ್ತಾರಲ್ವಾ? ಆ ಹಿಟ್ಟಿನ ಸಿಹಿಗೂ ಇದೇ ಕಾರಣ. ಬಾರ್ಲಿಗೆ ಹೀಗೆ ಮಾಡಿದರೆ ಅದೇ ಮಾಲ್ಟ್. ಅದನ್ನು ನೀರಿನಲ್ಲಿ ಕಲಸಿ ಬೆಚ್ಚಗಿಟ್ಟರೆ ಗಾಳಿಯಲ್ಲಿ, ಪಾತ್ರೆಯಲ್ಲಿ ಇರುವ ಯೀಸ್ಟ್ ತನ್ನ ಕೆಲಸ ಶುರು ಮಾಡುತ್ತದೆ. ಆ ಕೆಲಸ ಮಾಡುವುದು ಜೀವಂತ ಯೀಸ್ಟ್ ಅಂತ ಲೂಯಿ ಪಾಶ್ಚರ್ ತೋರಿಸಿಕೊಟ್ಟಿದ್ದು 19ನೇ ಶತಮಾನದಲ್ಲಿ. ಅಲ್ಲಿಯವರೆಗೆ ಸಾವಿರಾರು ವರ್ಷ ಜನ ಬರೀ ಕೈಗುಣದ ಮೇಲೆ ಬಿಯರ್ ಮಾಡಿದರು.

ಈಗ ಹಳೆಯ ಕುರುಹುಗಳಿಗೆ ಬರೋಣ. ಇಸ್ರೇಲಿನ ಕಾರ್ಮೆಲ್ ಬೆಟ್ಟದಲ್ಲಿ ರಾಕೆಫೆಟ್ ಎಂಬ ಗುಹೆಯಿದೆ. ಸುಮಾರು 13,000 ವರ್ಷಗಳ ಹಿಂದೆ ನಟೂಫಿಯನ್ ಜನ ಅಲ್ಲಿ ಶವ ಹೂಳುತ್ತಿದ್ದರು. ಅಲ್ಲಿನ ಒರಳುಗಳಲ್ಲಿ ಬಿಯರ್ ಮಾಡಿದ ಗುರುತು ಇದೆ ಅಂತ ಸ್ಟ್ಯಾನ್‌ಫರ್ಡ್‌ನ ಲಿ ಲಿಯು ಅವರ ತಂಡ 2018ರಲ್ಲಿ ಹೇಳಿತು. ಒಕ್ಕಲುತನ ಇನ್ನೂ ಶುರುವಾಗದ ಕಾಲ ಅದು. 'ಮನುಷ್ಯ ಕಾಳು ಬಿತ್ತಲು ಕಲಿತದ್ದು ರೊಟ್ಟಿಗಾಗಿಯೋ, ಬಿಯರ್‌ಗಾಗಿಯೋ?' ಅಂತ ವಿದ್ವಾಂಸರು 1953ರಲ್ಲೇ ಚರ್ಚೆ ಎತ್ತಿದ್ದರು. ಈ ಗುಹೆಯ ಸುದ್ದಿ ಬಂದಾಗ ಆ ಚರ್ಚೆಗೆ ಮತ್ತೆ ಜೀವ ಬಂತು. ನನಗೆ ಇಲ್ಲಿ ಸ್ವಲ್ಪ ಅನುಮಾನ ಉಂಟು. ಸೂಕ್ಷ್ಮದರ್ಶಕದ ಕೆಳಗೆ ಕಾಣುವ ಪಿಷ್ಟದ ಕಣಗಳು ಮೊಳಕೆಯ ಕಥೆ ಹೇಳಬಹುದು. ಆದರೆ ಗಂಜಿ ಕುಡಿದರೋ ಬಿಯರ್ ಕುಡಿದರೋ ಅನ್ನುವುದನ್ನು ಅಷ್ಟು ಸಲೀಸಾಗಿ ಹೇಳಲಾಗದು.

ಇರಾನಿನ ಗೋದಿನ್ ತೆಪೆಯ ಸಾಕ್ಷಿ ಇದಕ್ಕಿಂತ ಗಟ್ಟಿ. ಕ್ರಿ.ಪೂ. 3500ರಿಂದ 3100ರ ನಡುವಿನ ಒಂದು ಗುಡಾಣದ ಒಳಮೈಯಲ್ಲಿ ಅಡ್ಡಡ್ಡ ಗೀರುಗಳಿದ್ದವು, ಗೀರುಗಳೊಳಗೆ ಹಳದಿ ಗಸಿ ಕೂತಿತ್ತು. ಅದು ಕ್ಯಾಲ್ಸಿಯಂ ಆಕ್ಸಲೇಟ್ ಅಂತ ಪರೀಕ್ಷೆ ಮಾಡಿದವರು 1992ರಲ್ಲಿ ಪ್ರಕಟಿಸಿದರು. ಬಾರ್ಲಿ ಬಿಯರ್ ಇಟ್ಟ ಪಾತ್ರೆಯ ತಳದಲ್ಲಿ ಕೂರುವ ಗಸಿ ಅದು.

ಸರಿಸುಮಾರು ಅದೇ ಹೊತ್ತಿಗೆ ದಕ್ಷಿಣ ಇರಾಕಿನ ಉರುಕ್ ನಗರದಲ್ಲಿ ಬರವಣಿಗೆ ಹುಟ್ಟುತ್ತಿತ್ತು. ಅದು ಹುಟ್ಟಿದ್ದು ಕಾವ್ಯ ಬರೆಯಲಿಕ್ಕಲ್ಲ. ಎಷ್ಟು ಬಾರ್ಲಿ ಬಂತು, ಎಷ್ಟು ಮಾಲ್ಟ್ ಹೋಯಿತು ಅಂತ ಹಸಿ ಮಣ್ಣಿನ ಹಲಗೆಯ ಮೇಲೆ ಗುರುತು ಹಾಕಲಿಕ್ಕೆ. ಆ ಕಾಲದ ಹಲವು ಹಲಗೆಗಳಲ್ಲಿ 'ಕುಶಿಮ್' ಅಂತ ಓದಬಹುದಾದ ಒಂದು ಸಹಿ ಸಿಗುತ್ತದೆ. ಅದು ವ್ಯಕ್ತಿಯ ಹೆಸರೋ ಹುದ್ದೆಯ ಹೆಸರೋ ಅಂತ ಇನ್ನೂ ವಾದವಿದೆ. ಒಂದು ಹಲಗೆಯಲ್ಲಿ 29,086 ಅಳತೆ ಬಾರ್ಲಿ, 37 ತಿಂಗಳು ಅಂತ ಇದೆ, ಕೆಳಗೆ ಈ ಸಹಿ. ಬೇರೆ ಬೇರೆ ಬಗೆಯ ಬಿಯರ್‌ಗೆ ಎಷ್ಟೆಷ್ಟು ಸಾಮಾನು ಬೇಕು ಅನ್ನುವ ಲೆಕ್ಕವೂ ಇವರದೇ ಹಲಗೆಗಳಲ್ಲಿ ಇದೆ. ಅದು ವ್ಯಕ್ತಿಯ ಹೆಸರೇ ಆಗಿದ್ದರೆ, ನಮಗೆ ಸಿಕ್ಕಿರುವ ಅತಿ ಹಳೆಯ ಹೆಸರುಗಳಲ್ಲಿ ಒಂದು ರಾಜನದಲ್ಲ, ಋಷಿಯದೂ ಅಲ್ಲ, ಬಿಯರ್ ಸಾಮಾನಿನ ಗುಮಾಸ್ತನದು! ನನಗೆ ಇದು ತುಂಬಾ ಇಷ್ಟ.

ಇಷ್ಟೊಂದು ಲೆಕ್ಕ ಯಾಕೆ? ಬಿಯರ್ ಅಲ್ಲಿ ಪಡಿ ಆಗಿತ್ತು. ದೇವಸ್ಥಾನದಲ್ಲಿ, ಅರಮನೆಯಲ್ಲಿ ದುಡಿದವರಿಗೆ, ಊರಿಂದೂರಿಗೆ ಹೋಗುವ ದೂತರಿಗೆ ಬಾರ್ಲಿ, ಎಣ್ಣೆ, ರೊಟ್ಟಿಗಳ ಜೊತೆ ಬಿಯರನ್ನೂ ಅಳೆದು ಕೊಡುತ್ತಿದ್ದರು. ನಾಣ್ಯ ಬರುವುದಕ್ಕೆ ಇನ್ನೂ ಎರಡು ಸಾವಿರ ವರ್ಷ ಬಾಕಿ ಇತ್ತು.

ಆ ಬಿಯರ್ ಹೇಗಿತ್ತು? ಆ ದಕ್ಷಿಣ ಇರಾಕಿನ ಹಳೆಯ ಜನ ಸುಮೇರಿಯನ್ನರು, ಅವರ ಬಿಯರ್ ದೇವತೆ ನಿನ್ಕಾಸಿ. ಸುಮಾರು ಕ್ರಿ.ಪೂ. 1800ರ ಒಂದು ಸ್ತುತಿಯನ್ನು ಮಿಗೆಲ್ ಸಿವಿಲ್ 1964ರಲ್ಲಿ ಅನುವಾದಿಸಿದರು. ಅದರಲ್ಲಿ ದೇವಿ ದೊಡ್ಡ ಒಲೆಯಲ್ಲಿ 'ಬಪ್ಪಿರ್' (ಬಿಯರ್‌ಗೆ ಹಾಕುವ ರೊಟ್ಟಿ ಅಂತ ಸಾಮಾನ್ಯವಾಗಿ ಅರ್ಥ ಮಾಡುತ್ತಾರೆ) ಸುಡುತ್ತಾಳೆ, ನೆಲದ ಮೇಲೆ ಹರಡಿದ ಮಾಲ್ಟ್‌ಗೆ ನೀರು ಚಿಮುಕಿಸುತ್ತಾಳೆ, ಬೇಯಿಸಿದ್ದನ್ನು ಜೊಂಡಿನ ಚಾಪೆಯ ಮೇಲೆ ಆರಹಾಕುತ್ತಾಳೆ. ಕೊನೆಗೆ ಸೋಸಿದ ಬಿಯರ್ ಟೈಗ್ರಿಸ್, ಯೂಫ್ರೆಟಿಸ್ ನದಿಗಳು ನುಗ್ಗಿದ ಹಾಗೆ ಸುರಿಯುತ್ತದೆ. 1989ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಬ್ರೂಯಿಂಗ್‌ನ ಫ್ರಿಟ್ಸ್ ಮೇಟ್ಯಾಗ್ ಮತ್ತು ಮಾನವಶಾಸ್ತ್ರಜ್ಞ ಸಾಲೊಮನ್ ಕಾಟ್ಸ್ ಈ ಸ್ತುತಿ ಹಿಡಿದುಕೊಂಡೇ ಒಂದು ಬಿಯರ್ ತಯಾರಿಸಿದರು. ಒಳ್ಳೆಯ ಸಾಹಸ. ಆದರೆ ಸ್ತುತಿ ಅಡುಗೆ ಪುಸ್ತಕವಲ್ಲ. ಬಪ್ಪಿರ್ ರೊಟ್ಟಿಯೇ ಹೌದಾ ಅಂತ ಪೀಟರ್ ಡಾಮೆರೋ 2012ರಲ್ಲಿ ಪ್ರಶ್ನೆ ಎತ್ತಿದರು. ಆ ಪಾನೀಯದಲ್ಲಿ ಅಮಲು ಎಷ್ಟಿತ್ತು ಅನ್ನುವುದೂ ಖಚಿತವಿಲ್ಲ ಎಂದರು. ನನ್ನ ಮತ ಅವರ ಕಡೆಗೇ.

ಕುಡಿಯುವ ರೀತಿಯ ಬಗ್ಗೆ ಮಾತ್ರ ಜಗಳವಿಲ್ಲ. ಗುಡಾಣದ ಸುತ್ತ ಕೂತು ಉದ್ದನೆಯ ಕೊಳವೆಗಳಲ್ಲಿ ಹೀರುವ ಚಿತ್ರಗಳು ಮುದ್ರೆಗಳ ಮೇಲೆ ಬೇಕಾದಷ್ಟಿವೆ. ಹೊಟ್ಟು, ಸಿಪ್ಪೆ ಮೇಲೆ ತೇಲುತ್ತಿರುತ್ತಿತ್ತು, ಅದಕ್ಕೆ ಕೊಳವೆ. ಈ ಪದ್ಧತಿ ಬಹಳ ಕಾಲ ಉಳಿಯಿತು. ಕ್ರಿ.ಪೂ. 401ರ ಸುಮಾರಿಗೆ ಸೈನ್ಯದ ಜೊತೆ ಅರ್ಮೇನಿಯಾ ದಾಟುತ್ತಿದ್ದ ಗ್ರೀಕ್ ಲೇಖಕ ಕ್ಸೆನೊಫೋನ್ ಇದನ್ನೇ ಕಂಡ. ಕಾಳು ತೇಲುತ್ತಿತ್ತು, ಗೆಣ್ಣಿಲ್ಲದ ಕೊಳವೆಗಳಿದ್ದವು. ನೀರು ಬೆರೆಸದಿದ್ದರೆ ತುಂಬಾ ಖಡಕ್ಕು, ರೂಢಿಯಾದವರಿಗೆ ರುಚಿ ಅಂತ ಬರೆದಿಟ್ಟ.

ಮತ್ತೆ ಹಳೆಯ ಇರಾಕಿಗೆ ಬರೋಣ. ಅಲ್ಲಿ ಪಡಖಾನೆ ನಡೆಸುತ್ತಿದ್ದವರು ಹೆಚ್ಚಾಗಿ ಹೆಂಗಸರು. ಸುಮಾರು ಕ್ರಿ.ಪೂ. 1750ರ, ಬ್ಯಾಬಿಲೋನಿನ ರಾಜ ಹಮ್ಮುರಬಿಯ ಶಾಸನ ಅವರ ಮೇಲೆ ಕಣ್ಣಿಟ್ಟಿತ್ತು. ಬಿಯರ್‌ನ ಬೆಲೆಯಾಗಿ ಬಾರ್ಲಿ ತೆಗೆದುಕೊಳ್ಳದೆ ದೊಡ್ಡ ತೂಕದಲ್ಲಿ ಬೆಳ್ಳಿ ಕಿತ್ತರೆ ಅವಳನ್ನು ನೀರಿಗೆ ಎಸೆಯಬೇಕು. ಅವಳ ಮನೆಯಲ್ಲಿ ಸಂಚುಗಾರರು ಸೇರಿದಾಗ ಹಿಡಿದು ಅರಮನೆಗೆ ಒಪ್ಪಿಸದಿದ್ದರೆ ಮರಣದಂಡನೆ. ಇನ್ನೊಂದು ಕಡೆ, ಸುಮೇರಿಯನ್ ರಾಜರ ಪಟ್ಟಿಯಲ್ಲಿ ಕಿಶ್ ನಗರವನ್ನು ಆಳಿದ ಕುಬಾಬಾ ಎಂಬವಳಿದ್ದಾಳೆ. ಅವಳ ಹಿಂದಿನ ಕಸುಬು ಪಡಖಾನೆ. ನೂರು ವರ್ಷ ಆಳಿದಳು ಅನ್ನುತ್ತದೆ ಪಟ್ಟಿ. ಆ ಮಾತನ್ನು ಬಿಡಿ.

ಈಜಿಪ್ಟಿನಲ್ಲಿ ಬರವಣಿಗೆಗಿಂತ ಕಟ್ಟಡವೇ ಜೋರಾಗಿ ಮಾತಾಡುತ್ತದೆ. ಅಬೈಡೋಸ್‌ನಲ್ಲಿ ಮ್ಯಾಥ್ಯೂ ಆಡಮ್ಸ್ ಮತ್ತು ಡೆಬೊರಾ ವಿಶ್ಚಾಕ್ ಅವರ ತಂಡ ಅಗೆದು ತೆಗೆದ ಬಿಯರ್ ಕಾರ್ಖಾನೆಯ ಸುದ್ದಿ 2021ರ ಫೆಬ್ರವರಿಯಲ್ಲಿ ಬಂತು. ರಾಜ ನಾರ್ಮರ್‌ನ ಕಾಲದ್ದು, ಅಂದರೆ 5,000 ವರ್ಷ ಹಳೆಯದು. ಎಂಟು ಸಾಲು, ಒಂದೊಂದೂ 20 ಮೀಟರ್ ಉದ್ದ, ಪ್ರತಿ ಸಾಲಿನಲ್ಲೂ ಸುಮಾರು 40 ಮಣ್ಣಿನ ಹಂಡೆಗಳು. ಒಂದು ಸಲಕ್ಕೆ ಸುಮಾರು 22,400 ಲೀಟರ್! ರಾಜರ ಉತ್ತರಕ್ರಿಯೆಯ ಆಚರಣೆಗಳಿಗೆ ಅಂತ ಅಗೆದವರ ಅಂದಾಜು.

ಈಜಿಪ್ಟಿನವರು ಅರೆಬೆಂದ ರೊಟ್ಟಿ ಪುಡಿಮಾಡಿ ಬಿಯರ್ ಮಾಡುತ್ತಿದ್ದರು ಅಂತ ಇವತ್ತಿಗೂ ಎಷ್ಟೋ ಪುಸ್ತಕಗಳಲ್ಲಿ ಓದುತ್ತೀರಿ. ಡೆಲ್ವೆನ್ ಸ್ಯಾಮ್ಯುಯೆಲ್ ಅಲ್ಲಿನ ಕೆಲಸಗಾರರ ಹಳ್ಳಿಗಳ ಮಡಕೆಗಳಲ್ಲಿ ಉಳಿದ ಗಸಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ 1996ರಲ್ಲಿ ಬೇರೆಯದೇ ಹೇಳಿದರು. ಒಂದು ಭಾಗ ಕಾಳು ಬೇಯಿಸುತ್ತಿದ್ದರು, ಇನ್ನೊಂದು ಭಾಗ ಮೊಳಕೆಕಾಳನ್ನು ಬೇಯಿಸದೆ ಕುಟ್ಟುತ್ತಿದ್ದರು, ಎರಡನ್ನೂ ಕೂಡಿಸುತ್ತಿದ್ದರು. ಬಹಳ ಜಾಣತನದ ಕೆಲಸ. ಬೆಂದ ಪಿಷ್ಟ ಬೇಗ ಒಡೆಯುತ್ತದೆ, ಬೇಯದ ಮೊಳಕೆಯಲ್ಲಿ ಕಿಣ್ವ ಸಾಯದೆ ಉಳಿದಿರುತ್ತದೆ.

ಇನ್ನು ರುಚಿಯ ವಿಚಾರ. ಇವತ್ತಿನ ಬಿಯರಿನ ಕಹಿ ಬರುವುದು ಹಾಪ್ಸ್ ಹೂವಿನಿಂದ. ನಾನು ಹೇಳಿದ ಯಾವ ಬಿಯರ್‌ನಲ್ಲೂ ಅದು ಇದ್ದ ಪುರಾವೆ ಇಲ್ಲ. ಹಾಪ್ಸ್‌ಗೂ ಬಿಯರ್‌ಗೂ ನಂಟು ಕಾಣುವ ಮೊದಲ ಬರಹಗಳಲ್ಲಿ ಒಂದು ಫ್ರಾನ್ಸಿನ ಕಾರ್ಬಿ ಮಠದ್ದು, ಕ್ರಿ.ಶ. 822ರದ್ದು. ಅದೂ ಯಾರಿಗೆ ಎಷ್ಟು ಪಾಲು ಅನ್ನುವ ಲೆಕ್ಕವೇ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.