ನೈಲ್ ಹೊರಡುವ ಊರಿನಲ್ಲಿ ನಾಲ್ಕು ದಿನ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆ ತಾನೆ? ಸರಿ.

ಹೋದ ತಿಂಗಳು ಇದೇ ಹಾಲ್‌ನಲ್ಲಿ ಒಬ್ಬರು ಕೇಳಿದ್ದರು, "ಆಫ್ರಿಕಾ ಅಂದರೆ ಹದಿನೈದು ದಿನ ರಜೆ ಬೇಕಲ್ವಾ?" ಅಂತ. ಸಿಂಹ, ಆನೆ, ಗೊರಿಲ್ಲಾ ಎಲ್ಲ ಒಂದೇ ಸಲ ನೋಡಬೇಕು ಅಂದರೆ ಹದಿನೈದೂ ಸಾಲದು. ಆದರೆ ಒಂದು ಊರಿಗೆ ಹೋಗಿ, ಅಲ್ಲೇ ಇದ್ದು, ವಾಪಸ್ ಬರಲು ಒಂದು ವಾರ ಸಾಕು. ನಾನು ಇವತ್ತು ಹೇಳುವುದು ಅಂಥ ಒಂದು ಊರಿನ ಬಗ್ಗೆ. ಉಗಾಂಡಾದ ಜಿಂಜಾ. ವಿಕ್ಟೋರಿಯಾ ಸರೋವರದ ಉತ್ತರ ದಂಡೆಯಲ್ಲಿದೆ. ಅಲ್ಲಿನ ಭಾಷೆಯಲ್ಲಿ ಜಿಂಜಾ ಅಂದರೆ ಬಂಡೆ. ಸರೋವರದಿಂದ ನೈಲ್ ನದಿ ಹೊರಗೆ ಹೊರಡುವುದು ಅಲ್ಲಿಂದಲೇ.

ನಾವು ಮೊದಲು ಕೇಳಿದ ಟ್ರಾವೆಲ್ ಏಜೆಂಟ್ ಕೊಟ್ಟ ಪಟ್ಟಿ ನೋಡಿದರೆ ನಗು ಬರುತ್ತದೆ. ಏಳು ದಿನಕ್ಕೆ ಜಿಂಜಾ, ಮರ್ಚಿಸನ್ ಜಲಪಾತ, ಬ್ವಿಂಡಿಯ ಗೊರಿಲ್ಲಾ ಕಾಡು, ಜೊತೆಗೆ ರಾಜಧಾನಿ ಕಂಪಾಲಾದಲ್ಲಿ ಶಾಪಿಂಗು. ನನ್ನ ಹೆಂಡತಿ ಉಗಾಂಡಾದ ಮ್ಯಾಪ್ ತೆಗೆದು ನೋಡಿದಳು. ಬ್ವಿಂಡಿ ನೈಋತ್ಯದ ಮೂಲೆಯಲ್ಲಿದೆ, ಮರ್ಚಿಸನ್ ವಾಯವ್ಯದಲ್ಲಿದೆ, ಜಿಂಜಾ ಕಂಪಾಲಾದಿಂದ ಪೂರ್ವಕ್ಕೆ. "ಇದರಲ್ಲಿ ನಾವು ನೋಡುವುದು ಜೀಪಿನ ಸೀಟು ಮಾತ್ರ" ಅಂದಳು. ಪಟ್ಟಿ ಅಲ್ಲಿಗೇ ಮುಗಿಯಿತು.

ಈಗ ಲೆಕ್ಕ ಹಾಕೋಣ. ನಾವು ಬೆಂಗಳೂರಿನಿಂದ ಮುಂಬೈಗೆ ಹೋಗಿ, ಅಲ್ಲಿಂದ ಉಗಾಂಡಾದ ವಿಮಾನ ನಿಲ್ದಾಣ ಇರುವ ಎಂಟೆಬೆಗೆ ಹೋದೆವು. ಅಡಿಸ್ ಅಬಾಬ ಅಥವಾ ದುಬೈ ಮೂಲಕವೂ ಹೋಗಬಹುದು. ಯಾವ ದಾರಿ ಹಿಡಿದರೂ ಹೋಗಲು ಒಂದು ದಿನ, ಬರಲು ಒಂದು ದಿನ ಕೈಬಿಟ್ಟ ಹಾಗೆಯೇ. ಎಂಟೆಬೆಯಿಂದ ಕಂಪಾಲಾ ಸುಮಾರು 40 ಕಿಲೋಮೀಟರ್. ಅಲ್ಲಿಂದ ಜಿಂಜಾ ಇನ್ನೊಂದು 80. ಎಂಬತ್ತೇ ಅಲ್ವಾ, ಒಂದೂವರೆ ಗಂಟೆ ಅಂದುಕೊಳ್ಳಬೇಡಿ. ಕೀನ್ಯಾದ ಮೊಂಬಾಸಾ ಬಂದರಿನಿಂದ ಕಂಪಾಲಾಕ್ಕೆ ಸರಕು ಬರುವುದು ಅದೇ ರಸ್ತೆಯಲ್ಲಿ. ಲಾರಿ, ಟ್ಯಾಂಕರ್, ಕಬ್ಬಿನ ಟ್ರ್ಯಾಕ್ಟರ್ ಎಲ್ಲ ಒಂದರ ಹಿಂದೆ ಒಂದು. ನಮಗೆ ಮೂರೂವರೆ ಗಂಟೆ ಹಿಡಿಯಿತು. ಬರುವಾಗ ಡ್ರೈವರ್ ಕಯುಂಗಾ ಕಡೆಯಿಂದ ಸುತ್ತಿಸಿ ಕರೆತಂದ. ದೂರ ಜಾಸ್ತಿ, ತಲೆನೋವು ಕಡಿಮೆ.

ಹಾಗಂತ ಆ ರಸ್ತೆಯನ್ನು ಸುಮ್ನೆ ಬೈಯುವ ಹಾಗೂ ಇಲ್ಲ. ಮಧ್ಯೆ ಮಬಿರಾ ಕಾಡು ಬರುತ್ತದೆ. ಅದಕ್ಕೂ ಮೊದಲು ನಮಾವೊಜ್ಜೊಲೊ ಅಂತ ಒಂದು ಸಂತೆ. ಗಾಡಿ ನಿಂತ ಕೂಡಲೇ ಹತ್ತು ಜನ ಕಿಟಕಿಗೆ ಮುತ್ತಿಕೊಳ್ಳುತ್ತಾರೆ. ಕಡ್ಡಿಗೆ ಚುಚ್ಚಿದ ಕೋಳಿ, ಕೆಂಡದ ಮೇಲೆ ಸುಟ್ಟ ಬಾಳೆಹಣ್ಣು. ಆ ಬಾಳೆಗೆ ಗೊಂಜಾ ಅನ್ನುತ್ತಾರೆ. ನಮ್ಮ ನೇಂದ್ರ ಬಾಳೆಯ ಜಾತಿ. ಬಿಸಿಯಾಗಿರುವಾಗಲೇ ತಿನ್ನಬೇಕು.

ಆದರೆ ಟಿಕೆಟ್‌ಗಿಂತ ಮೊದಲು ಆಗಬೇಕಾದ ಕೆಲಸ ಬೇರೆ ಇದೆ. ಹಳದಿ ಜ್ವರದ ಲಸಿಕೆ, ಯೆಲ್ಲೋ ಫೀವರ್ ಅಂತಾರಲ್ಲ, ಅದು. ಇದು ಎಲ್ಲ ಕ್ಲಿನಿಕ್‌ಗಳಲ್ಲಿ ಸಿಗುವುದಿಲ್ಲ. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಹಾಕಿಸಿಕೊಂಡು ಹತ್ತು ದಿನ ಆದ ಮೇಲೆ ಸರ್ಟಿಫಿಕೇಟ್ ಜಾರಿಗೆ ಬರುತ್ತದೆ. ಆಮೇಲೆ ಜೀವನಪೂರ್ತಿ ನಡೆಯುತ್ತದೆ. ನಾನು ಹೊರಡಲು ಒಂದು ವಾರ ಇರುವಾಗ ಹೋಗಿ ನಿಂತಿದ್ದೆ! ಟಿಕೆಟ್ ದಿನಾಂಕ ಬದಲಿಸಲು ಕೊಟ್ಟ ದುಡ್ಡಿನಲ್ಲಿ ಜಿಂಜಾದಲ್ಲಿ ಇನ್ನೆರಡು ರಾತ್ರಿ ಉಳಿಯಬಹುದಿತ್ತು. ಅರವತ್ತು ದಾಟಿದವರು ಇಲ್ಲಿ ಬಹಳ ಜನ ಇದ್ದೀರಿ. ನೀವು ಲಸಿಕೆಗೆ ಮುಂಚೆ ನಿಮ್ಮ ಡಾಕ್ಟರನ್ನು ಕೇಳಲೇಬೇಕು, ಆ ವಯಸ್ಸಿನಲ್ಲಿ ಅಡ್ಡಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ. ಮಲೇರಿಯಾ ಮಾತ್ರೆಯ ಬಗ್ಗೆಯೂ ಅವರನ್ನೇ ಕೇಳಿ. ವೀಸಾ ಸುಲಭ, ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.

ಯಾವಾಗ ಹೋಗಬೇಕು? ಜೂನ್‌ನಿಂದ ಆಗಸ್ಟ್, ಇಲ್ಲ ಡಿಸೆಂಬರ್‌ನಿಂದ ಫೆಬ್ರವರಿ. ಉಳಿದ ತಿಂಗಳು ಮಳೆ. ಸಮಭಾಜಕ ವೃತ್ತದ ಪಕ್ಕದಲ್ಲೇ ಇದ್ದರೂ ಕುದಿಯುವ ಸೆಕೆ ಇಲ್ಲ, ಯಾಕೆಂದರೆ ಸರೋವರವೇ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಮೇಲಿದೆ. ನಮ್ಮ ಬೆಂಗಳೂರಿಗಿಂತ ಇನ್ನೂರು ಮೀಟರ್ ಎತ್ತರ.

ಈಗ ನೀರಿಗೆ ಬರೋಣ. ವಿಕ್ಟೋರಿಯಾವನ್ನು ಸರೋವರ ಅನ್ನಲು ನನಗೆ ಬಾಯಿ ಬರುವುದಿಲ್ಲ. ಸುಮಾರು 68,000 ಚದರ ಕಿಲೋಮೀಟರ್! ಆಚೆ ದಡ ಕಾಣುವುದಿಲ್ಲ. ಅಲ್ಲಿನ ಗಂಡಾ ಸಮುದಾಯದ ಜನ ಅದನ್ನು ನಲುಬಾಲೆ ಅನ್ನುತ್ತಾರೆ. ವಿಕ್ಟೋರಿಯಾ ಅಂತ ಹೆಸರಿಟ್ಟವನು ಸ್ಪೀಕ್ ಎಂಬ ಇಂಗ್ಲಿಷಿನವನು. 1862ರ ಜುಲೈನಲ್ಲಿ ಜಿಂಜಾದ ಹತ್ತಿರ ನೀರು ಬಂಡೆ ಹಾರಿ ಹೊರಗೆ ಬೀಳುವುದನ್ನು ಕಂಡ. ನೈಲ್ ಮೂಲ ಸಿಕ್ಕಿತು ಅಂದ. ಆ ಜಲಪಾತಕ್ಕೆ ರಿಪನ್ ಅಂತ ಹೆಸರಿಟ್ಟ. ಸರೋವರಕ್ಕೆ ನೀರು ತರುವ ಕಗೇರಾ ನದಿಯ ಮೂಲ ಹುಡುಕಿದರೆ ರುವಾಂಡಾ, ಬುರುಂಡಿಯ ಬೆಟ್ಟಗಳಿಗೆ ಹೋಗುತ್ತೇವೆ, ಆ ಜಗಳ ಬೇರೆ.

ನೀವು ಹೋದರೆ ಆ ಜಲಪಾತ ಕಾಣುವುದಿಲ್ಲ. 1954ರಲ್ಲಿ ಸ್ವಲ್ಪ ಕೆಳಗೆ ಓವೆನ್ ಫಾಲ್ಸ್ ಅಣೆಕಟ್ಟು ಬಂತು. ರಿಪನ್ ಮುಳುಗಿತು. ಜೊತೆಗೆ ಬಂದಿದ್ದ ನಮ್ಮ ಸ್ನೇಹಿತರೊಬ್ಬರು ದೋಣಿಯಲ್ಲಿ ಕೂತು, "ಎಲ್ಲಿ ಜಲಪಾತ?" ಅಂತ ನಾಲ್ಕು ಸಲ ಕೇಳಿದರು. ಕಾಣುವುದು ಅಗಲವಾದ ನೀರು, ಅದರ ಮೇಲೆ ಒಂದು ಕಡೆ ಸುಳಿ, ಗುಳ್ಳೆ. ತಲಕಾವೇರಿಯಲ್ಲಿ ಸಣ್ಣ ಕುಂಡ ನೋಡಿ ಕೈಮುಗಿದು ಬಂದವರು ನಾವು. ಈ ನದಿ ಹುಟ್ಟುವಾಗಲೇ ದೊಡ್ಡವಳಾಗಿ ಹುಟ್ಟುತ್ತಾಳೆ. ಅಲ್ಲಿಂದ ಮೆಡಿಟರೇನಿಯನ್‌ವರೆಗೆ ಈ ನೀರು ಮೂರು ತಿಂಗಳು ನಡೆಯುತ್ತದೆ ಅಂದ ದೋಣಿಯವನು.

ಅದೇ ದೋಣಿಯವನ ಹತ್ತಿರ ನಾವು ಒಂದು ದಿನ ಮೂರ್ಖರಾದೆವು. ನಾಳೆ ಎಷ್ಟು ಹೊತ್ತಿಗೆ ಬರಬೇಕು ಅಂತ ಕೇಳಿದರೆ "ಸಾವಾ ಬ್ಬಿರಿ" ಅಂದು ಎರಡು ಬೆರಳು ತೋರಿಸಿದ. ಎರಡು ಗಂಟೆ ಅಂತ ಮಧ್ಯಾಹ್ನದ ಬಿಸಿಲಿನಲ್ಲಿ ಹೋದೆವು. ಅವನು ಬೆಳಿಗ್ಗೆ ಎಂಟರಿಂದ ಕಾದಿದ್ದ. ಅಲ್ಲಿ ಗಂಟೆ ಎಣಿಸುವುದು ಬೆಳಗಾದಾಗಿನಿಂದ. ಏಳು ಗಂಟೆ ಅಂದರೆ ಒಂದು, ಎಂಟು ಅಂದರೆ ಎರಡು. ಯೋಚಿಸಿದರೆ ನಮ್ಮಲ್ಲೂ ಹಿಂದೆ ಘಳಿಗೆ ಎಣಿಸುತ್ತಿದ್ದದ್ದು ಸೂರ್ಯ ಹುಟ್ಟಿದ ಮೇಲೆಯೇ. ಇಂಗ್ಲಿಷಿನಲ್ಲಿ ಮಾತಾಡಿದರೆ ಈ ತೊಂದರೆ ಇಲ್ಲ. ನನಗೆ ಅಲ್ಲಿನ ಲುಗಾಂಡಾ ಭಾಷೆಯ ಎರಡು ಪದ ಕಲಿತ ಹುರುಪು.

ನೀರು ನೋಡಿ, ಇಳಿಯಬೇಡಿ. ದಡದ ಆಳವಿಲ್ಲದ ನೀರಿನಲ್ಲಿ, ಜೊಂಡಿನ ಹತ್ತಿರ ಒಂದು ಜಾತಿಯ ಬಸವನಹುಳು ಇರುತ್ತದೆ. ಅದರಿಂದ ಬಿಲ್‌ಹಾರ್ಜಿಯಾ ಎಂಬ ರೋಗದ ಹುಳು ನೀರಿಗೆ ಬಂದು ಚರ್ಮದ ಮೂಲಕ ಒಳಗೆ ಸೇರುತ್ತದೆ. ಮಾತ್ರೆಯಿಂದ ಗುಣವಾಗುತ್ತದೆ, ಆದರೂ ಯಾಕೆ ಬೇಕು? ರಾಫ್ಟಿಂಗ್ ಆಸೆ ಇರುವ ಹುಡುಗರು ನದಿಯ ಕೆಳಗಿನ ಭಾಗಕ್ಕೆ ಹೋಗುತ್ತಾರೆ. ಬುಜಗಾಲಿ ಜಲಪಾತವೂ ಇನ್ನೊಂದು ಅಣೆಕಟ್ಟಿನಲ್ಲಿ ಮುಳುಗಿತು, ಹಾಗಾಗಿ ಅವರ ಜಾಗವೂ ಕೆಳಗೆ ಸರಿದಿದೆ. ನಾನು ದಡದಲ್ಲಿ ನಿಂತು ನೋಡಿದೆ, ಅಷ್ಟೇ.

ನದಿಯ ಪಕ್ಕದ ತೋಟದಲ್ಲಿ ಗಾಂಧೀಜಿಯವರ ಪ್ರತಿಮೆ ಇದೆ. 1948ರಲ್ಲಿ ಅವರ ಚಿತಾಭಸ್ಮದ ಒಂದು ಭಾಗವನ್ನು ಇಲ್ಲಿ ನೈಲ್‌ಗೆ ಬಿಟ್ಟರು. ಪ್ರತಿಮೆಯನ್ನು 1997ರಲ್ಲಿ ಪ್ರಧಾನಿ ಐ.ಕೆ. ಗುಜ್ರಾಲ್ ಅನಾವರಣ ಮಾಡಿದರು. ಅದನ್ನು ನೋಡಿ ಫೋಟೊ ತೆಗೆದುಕೊಂಡು ಹೊರಟುಬಿಡಬೇಡಿ. ಸಂಜೆ ಮೇನ್ ಸ್ಟ್ರೀಟ್‌ನಲ್ಲಿ ನಡೆಯಿರಿ, ತಲೆ ಎತ್ತಿ. ಕೆಳಗೆ ಮೊಬೈಲ್ ಅಂಗಡಿ, ಮೇಲೆ ಗಾರೆಯಲ್ಲಿ ಕೊರೆದ ಗುಜರಾತಿ ಹೆಸರು, ಕಟ್ಟಿದ ವರ್ಷ. 1972ರಲ್ಲಿ ಆಗಿನ ಸರ್ವಾಧಿಕಾರಿ ಇದಿ ಅಮೀನ್ ದೇಶ ಬಿಡಲು ಏಷ್ಯಾದವರಿಗೆ 90 ದಿನ ಗಡುವು ಕೊಟ್ಟ. ಅಂಗಡಿಗೆ ಬೀಗ ಹಾಕಿ, ಕೈಗೆ ಸಿಕ್ಕಿದ್ದು ಹಿಡಿದು ಹೊರಟರು. ಮುಂದೆ ಅಧ್ಯಕ್ಷ ಮುಸೆವೆನಿ ಕಾಲದಲ್ಲಿ ಕೆಲವರು ಮರಳಿ ಬಂದು ಆಸ್ತಿ ವಾಪಸ್ ಪಡೆದರು. ಊರಿನ ಹೊರಗೆ ಕಾಕಿರಾದಲ್ಲಿ ಮಾಧ್ವಾನಿ ಕುಟುಂಬದ ಸಕ್ಕರೆ ಕಾರ್ಖಾನೆ ಈಗಲೂ ನಡೆಯುತ್ತಿದೆ. ದಾರಿಯಲ್ಲಿ ಕಂಡ ಕಬ್ಬಿನ ಟ್ರ್ಯಾಕ್ಟರ್ ನೆನಪಿದೆಯಲ್ಲ? ಆ ಬೀದಿಯಲ್ಲಿ ಒಂದು ಗಂಟೆ ಕಳೆದರೆ ಆ ಊರು ಯಾಕೆ ಹೀಗಿದೆ ಅನ್ನುವುದು ತಿಳಿಯುತ್ತದೆ.

ಊಟದ ಚಿಂತೆ ಬೇಡ. ಬೀದಿಬದಿಯಲ್ಲಿ ಚಪಾತಿ ಕಾಯುತ್ತಿರುತ್ತದೆ. ಆಮ್ಲೆಟ್ ಇಟ್ಟು ಸುತ್ತಿದರೆ ರೋಲೆಕ್ಸ್. ಹೌದು, ವಾಚಿನ ಹೆಸರೇ! ರೋಲ್ಡ್ ಎಗ್ಸ್ ಅನ್ನುವುದು ಬಾಯಲ್ಲಿ ಹಾಗಾಯಿತಂತೆ. ಮೊಟ್ಟೆ ತಿನ್ನದವರು ಕಿಕೊಮಾಂಡೊ ಕೇಳಿ, ಚಪಾತಿ ಚೂರು ಮಾಡಿ ಮೇಲೆ ರಾಜ್ಮಾ ಥರದ ಬೀನ್ಸ್ ಸುರಿಯುತ್ತಾರೆ. ಬೇಯಿಸಿದ ಬಾಳೆಕಾಯಿ ಮಟೋಕೆ, ಜೊತೆಗೆ ಕಡಲೆಕಾಯಿ ಸಾರು, ಇದು ನನಗೆ ದಿನಾ ಕೊಟ್ಟರೂ ಬೇಜಾರಿಲ್ಲ. ಮೀನು ತಿನ್ನುವವರಿಗೆ ಇಡೀ ತಿಲಾಪಿಯಾ ಕರಿದು ಕೊಡುತ್ತಾರೆ. ಡಾಲರ್ ನೋಟು ಹೊಸದಾಗಿರಲಿ, ಹಳೆಯ ನೋಟು, ಮಡಚಿದ್ದು, ಗೀಚಿದ್ದು ತೆಗೆದುಕೊಳ್ಳುವುದಿಲ್ಲ. ಪ್ಲಗ್ಗು ಬ್ರಿಟಿಷರ ಮೂರು ಚಪ್ಪಟೆ ಪಿನ್ನಿನದು. ಅಣೆಕಟ್ಟಿನ ಹತ್ತಿರ ಕ್ಯಾಮೆರಾ ಚೀಲದಲ್ಲೇ ಇರಲಿ, ಪೊಲೀಸರು ಅದರಲ್ಲಿ ಬಹಳ ಗಟ್ಟಿ.

ನಾಲ್ಕು ದಿನದಲ್ಲಿ ಒಂದು ಬೆಳಿಗ್ಗೆ ನಾವು ಏನೂ ಇಟ್ಟುಕೊಂಡಿರಲಿಲ್ಲ. ರೂಮಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆವು. ಮೀನುಗಾರರು ಬಲೆ ಒಣಗಿಸುತ್ತಿದ್ದರು. ಮರಬೂ ಕೊಕ್ಕರೆಗಳು ವಯಸ್ಸಾದ ಗುಮಾಸ್ತರ ಹಾಗೆ ಕೈ ಹಿಂದೆ ಕಟ್ಟಿಕೊಂಡಂತೆ ಓಡಾಡುತ್ತಿದ್ದವು. ನಮ್ಮ ಸ್ನೇಹಿತರು, ಜಲಪಾತ ಕೇಳಿದವರೇ, ಮೂರು ಟೀ ಕುಡಿದರು, ಒಂದು ಸಲವೂ ಗಡಿಯಾರ ನೋಡಲಿಲ್ಲ.

ವಾಪಸ್ ಬಂದಾಗ ಮುಂಬೈಯಲ್ಲಿ ಹಳದಿ ಪುಸ್ತಕ, ಅಂದರೆ ಆ ಲಸಿಕೆಯ ಸರ್ಟಿಫಿಕೇಟ್, ಕೇಳಿದರು. ಅದಿಲ್ಲದಿದ್ದರೆ ಆರು ದಿನದವರೆಗೂ ಕ್ವಾರಂಟೈನ್‌ನಲ್ಲಿ ಇಡಬಹುದು. ನನ್ನದು ಜೇಬಿನಲ್ಲಿತ್ತು. ನನ್ನ ಹೆಂಡತಿಯದು ಕೈಚೀಲದಲ್ಲಿತ್ತು. ಟೀ ಕುಡಿದವರದು ಸೂಟ್‌ಕೇಸಿನಲ್ಲಿ, ಒಗೆಯಬೇಕಾದ ಬಟ್ಟೆಗಳ ಕೆಳಗೆ! ಅವರು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಹೇಗೆ ಹೊರಗೆ ಬಂದರು ಅನ್ನುವುದನ್ನು ಅವರೇ ಹೇಳಲಿ. ಸಾರ್, ಬನ್ನಿ, ಮೈಕು ತಗೊಳ್ಳಿ.